ಕೆಟಲಿನ ತೂಕ

ತುಂಬಿದ ಕಾಫಿ ಕೆಟಲಿಗಿಂತ ಭಾರವಾದದ್ದು ಯಾವುದನ್ನೂ
ಆರು ವಾರ ಎತ್ತಕೂಡದು ಅಂದರು ಕುವೋಪಿಯೊದ ಡಾಕ್ಟರು.
ಹಾಗಾಗಿ ಈ ಚಳಿಗಾಲ ನಾನು
ಎಲ್ಲವನ್ನೂ ಕೆಟಲಿನಲ್ಲೇ ಅಳೆದೆ.
ನಮ್ಮ ಬೆಕ್ಕು ಮೂರು ಕೆಟಲು.
ಸೌದೆ ಬುಟ್ಟಿ ಏಳು.
ಹಿಲ್ಕಾ ಅದನ್ನು ಹೊತ್ತು ತರುವಾಗ
ಕಿಟಕಿಯ ಕಡೆ ತಿರುಗಿ
ಹೊರಗೆ ಏನೋ ಇದ್ದ ಹಾಗೆ ನೋಡುತ್ತಿದ್ದೆ.
ಏನೂ ಇರಲಿಲ್ಲ. ಸರೋವರ ಇತ್ತು, ಅದೂ ಕಲ್ಲಾಗಿ.

ತೆಗೆದದ್ದು ಎಷ್ಟು? ಒಂದು ಅಕ್ರೋಟಿನಷ್ಟು.
ಕೆಟಲಿನ ಮೂವತ್ತರಲ್ಲಿ ಒಂದು ಪಾಲು.
ಮೂವತ್ತೊಂದು ವರ್ಷ ಮರದ ಲಾರಿ ಓಡಿಸಿದವನಿಗೆ
ಅಷ್ಟು ಸಣ್ಣದೊಂದು ಒಳಗೆ ಕೂತು
ಬಾಗಿಲು ಕಾಯುತ್ತಿದೆಯೆಂದು ಗೊತ್ತೇ ಇರಲಿಲ್ಲ.
ಕಾವಲಿನವನು ಹೋದ ಮೇಲೆ ತಿಳಿಯಿತು
ಬಾಗಿಲು ಅಂತ ಒಂದು ಇತ್ತು ಅಂತ.

ಫಿಸಿಯೊ ಹುಡುಗಿ, ಹೆಸರು ಸೈಮಿ,
ಮೊಮ್ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳು,
ರಸ್ತೆಯ ದಾರಿ ಹೇಳುವಷ್ಟು ಸಲೀಸಾಗಿ ಹೇಳಿದಳು:
“ತಣ್ಣೀರಿಗೆ ಇಳಿಯುವಾಗ ಗಂಡಸರು
ಏನನ್ನು ಮೇಲಕ್ಕೆಳೆದುಕೊಳ್ಳುತ್ತಾರೋ
ಅದನ್ನು ಎಳೆದುಕೊಳ್ಳಿ. ಐದು ಎಣಿಸಿ. ಬಿಡಿ.
ಬಿಡುವುದೂ ವ್ಯಾಯಾಮವೇ, ಮರೆಯಬೇಡಿ.”

ಹಿಡಿ. ಬಿಡು.
ರೊಟ್ಟಿ ಅಂಗಡಿಯ ಸಾಲಿನಲ್ಲಿ ಹಿಡಿ, ಚಿಲ್ಲರೆ ಎಣಿಸುತ್ತ ಬಿಡು.
ಚರ್ಚಿನಲ್ಲಿ ಪಾದ್ರಿ ಹಳೆಯ ಗೆಳೆಯನೊಬ್ಬನನ್ನು
ಮಣ್ಣಿಗೆ ಒಪ್ಪಿಸುತ್ತಿರುವಾಗಲೂ ಹಿಡಿದಿದ್ದೆ.
ನನ್ನ ಮುಖದ ಬಿಗಿ ಕಂಡು
ಸತ್ತವನ ಹೆಂಡತಿ ನನ್ನ ಕೈ ಅದುಮಿದಳು.

ಏಳನೆಯ ವಾರ ಒದೆಬಂಡಿ ಹೊರತೆಗೆದೆ.
ಉಕ್ಕಿನ ಎರಡು ಪಟ್ಟಿ, ಮೇಲೊಂದು ಕುರ್ಚಿ, ಹಿಂದೆ ಹಿಡಿಕೆ;
ಒಂದು ಕಾಲು ಪಟ್ಟಿಯ ಮೇಲೆ, ಇನ್ನೊಂದು ಹಿಮವನ್ನು ಒದೆಯಬೇಕು.
ಅಂಚೆ ಡಬ್ಬದವರೆಗೆ ನಾನೂರು ಮೀಟರು.
ಮೊದಲ ಒದೆತಕ್ಕೆ ಒಂದು ಹನಿ.
ಮೂರನೆಯದಕ್ಕೆ ಲೆಕ್ಕ ಬಿಟ್ಟೆ.
ಮೈನಸ್ ಹದಿನೆಂಟರಲ್ಲಿ
ಇಡೀ ಮೈಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ,
ಅದೂ ಅರೆನಿಮಿಷ.
ಪ್ಯಾಡು ತನ್ನ ಕೆಲಸ ಮಾಡಿತು, ನಾನು ನನ್ನದು.
ಡಬ್ಬದಲ್ಲಿ ಕರೆಂಟಿನ ಬಿಲ್ಲು ಬಂದಿತ್ತು.
ಅದನ್ನು ಕುರ್ಚಿಯ ಮೇಲೆ ಕೂರಿಸಿ
ನೆಂಟನ ಹಾಗೆ ಮನೆಗೆ ತಂದೆ.

ಇನ್ನೊಂದು ವಿಷಯ ಇದೆ. ಅದನ್ನು ಸೈಮಿ
ಬಾಯಲ್ಲಿ ಹೇಳದೆ ಒಂದು ಹಾಳೆಯಲ್ಲಿ ಕೊಟ್ಟಿದ್ದಳು.
ಹಿಲ್ಕಾ ಕನ್ನಡಕ ಹಾಕಿ ಪೂರ್ತಿ ಓದಿ, ಮಡಚಿ,
ಬೀಜದ ಪೊಟ್ಟಣಗಳ ಡಬ್ಬಿಯಲ್ಲಿ ಇಟ್ಟಳು.
“ಮೇ ತಿಂಗಳಿಗೆ ನೋಡೋಣ.”

ಶನಿವಾರ ಊರಿನ ಸೌನಾದಲ್ಲಿ ಗಂಡಸರ ಸರದಿ.
ಟವೆಲು ಬಿಗಿಯಾಗಿ ಸುತ್ತಿ ಕೆಳಗಿನ ಹಲಗೆಗೆ ಕೂತೆ,
ಐವತ್ತು ವರ್ಷ ಮೇಲಿನದರಲ್ಲೇ ಕೂತು ಬೆಂದವನು.
ಯಾರೂ ಕೇಳಲಿಲ್ಲ. ಇಲ್ಲಿ ಕೇಳುವುದಿಲ್ಲ.
ಪಕ್ಕದ ಮನೆಯ ಆರ್ವಿ,
ಒಂದು ಗಜ ಬೇಲಿಗಾಗಿ ಹನ್ನೊಂದು ವರ್ಷ
ನನ್ನೊಡನೆ ಮಾತು ಬಿಟ್ಟವನು,
ಕಾದ ಕಲ್ಲಿಗೆ ನೀರು ಚೆಲ್ಲಲು ಎದ್ದ.
ಆವಿ ಸರಿದಾಗ ಅವನ ಹೊಟ್ಟೆ ಕಂಡಿತು:
ಹೊಕ್ಕುಳಿನ ಸುತ್ತ ಐದು ಚಿಕ್ಕ ಗೆರೆ.
ನನ್ನವೇ. ಅದೇ ಜಾಗ. ಹಳೆಯವು, ಬಿಳಿಚಿದವು.

ನಾನು ನೋಡಿದ್ದನ್ನು ಅವನು ನೋಡಿದ.
“ಎಷ್ಟು ವಾರ?”
“ಏಳು.”
“ನನಗೆ ನಾಲ್ಕು ವರ್ಷ,” ಅಂದ. “ಕೆಮ್ಮಿದರೆ ಈಗಲೂ.”

ಬಕೆಟು ಬರಿದಾಗಿತ್ತು.
ಸರೋವರದಲ್ಲಿ ಕೊರೆದ ತೂತಿನಿಂದ ನೀರು ತರುವುದು
ಎಂದಿನಿಂದಲೂ ನನ್ನ ಪಾಲಿನ ಕೆಲಸ.
ತುಂಬಿದರೆ ಒಂಬತ್ತು ಕೆಟಲು.
ಬಗ್ಗಿದೆ. ಒಳಗೆ ಹಿಡಿದೆ. ಎತ್ತುತ್ತಿದ್ದಂತೆ
ಹಿಡಿಕೆಯ ಮೇಲೆ ಇನ್ನೊಂದು ಒದ್ದೆ ಕೈ.
ನಾಲ್ಕೂವರೆ.

ಅರ್ಧ ದಾರಿಯಲ್ಲಿ ಆರ್ವಿ ಕೆಮ್ಮಿದ.
ಬಕೆಟು ಕೆಳಗಿಡದೆ
ಇಬ್ಬರೂ ಹಿಮದಲ್ಲಿ ನಿಂತು
ಐದು ಎಣಿಸಿದೆವು.