ಬಟ್ಟೆ ಬಿಟ್ಟು ತೂಕ

ಸುಂಟಿಕೊಪ್ಪದ ಕಾಫಿ ಮಂಡಿಯಲ್ಲಿ ನನ್ನ ಕೆಲಸ ತೂಗುವುದು.
ಚೀಲಕ್ಕೆ ಒಂದು ಕಿಲೋ ಕಳೆಯುತ್ತೇನೆ,
ತೇವಕ್ಕೆ ಇಷ್ಟು, ಕಲ್ಲಿಗೆ ಇಷ್ಟು.
ಬೆಳೆಗಾರ ಗೊಣಗುತ್ತಾನೆ, ಮುಳ್ಳು ಗೊಣಗುವುದಿಲ್ಲ.
ಹನ್ನೊಂದು ವರ್ಷದಲ್ಲಿ ತೂಕದ ವಿಷಯಕ್ಕೆ
ಯಾರೂ ನನ್ನ ಕಾಲರ್ ಹಿಡಿದಿಲ್ಲ.

ಇವತ್ತು ಮೊದಲ ಬಸ್ಸಿಗೆ ಹೊರಟೆ.
ಬೋಯಿಕೇರಿ ತಿರುವಿನಲ್ಲಿ ಪಕ್ಕದವರು ಕೇಳಿದರು,
ಮಡಿಕೇರಿಯಲ್ಲಿ ಏನು ಕೆಲಸ?
ಆರ್‌ಟಿಸಿ ತೆಗೆಸಲಿಕ್ಕೆ ಎಂದೆ.
ಮಗಳು ಎನ್ನಲು ಬಾಯಿ ಇನ್ನೂ ಪಳಗಿಲ್ಲ.

ನಲವತ್ತೊಂದನೆಯ ದಿನ.
ಅರವತ್ತು ದಿನದೊಳಗೆ ಮನಸ್ಸು ಬದಲಾಯಿಸಬಹುದಂತೆ,
ಸಹಿ ಹಾಕಿದವರು.
ಸಹಿ ಹಾಕಿದ್ದು ಲವೀನ.
ನನ್ನನ್ನು ಯಾರೂ ಸಹಿ ಕೇಳಲಿಲ್ಲ.

ಸಮಿತಿಯ ಮೇಡಂ ಕನ್ನಡಕ ಒರೆಸಿ ಕೇಳಿದರು:
ಮದುವೆ?
ಇಲ್ಲ.
ಮನೆಯಲ್ಲಿ ಹೆಂಗಸರು?
ಇಲ್ಲ. ಅವ್ವ ಹೋಗಿ ಆರು ವರ್ಷ.
ರಾತ್ರಿ ಎರಡಕ್ಕೆ ಅತ್ತರೆ?
ಏಳುತ್ತೇನೆ.
ಅದನ್ನು ಅವರು ಬರೆದುಕೊಳ್ಳಲಿಲ್ಲ.

ಜನನದ ನಕಲು ತೋರಿಸಿದರು.
ತಾಯಿ: ಪೂರ್ತಿ ಹೆಸರು, ಊರು, ವಯಸ್ಸು.
ತಂದೆ: ಒಂದು ಅಡ್ಡಗೆರೆ.
ಚಿಕ್ಕ ಗೆರೆ, ನೇರವಾಗಿಯೂ ಇಲ್ಲ,
ಬರೆದವರಿಗೆ ಊಟದ ಹೊತ್ತಾಗಿತ್ತೋ ಏನೋ.
ಮೇಡಂ, ಆ ಗೆರೆ ನಾನು, ಅಂದೆ.
ಪಳಂಗಪ್ಪ, ಮೂವತ್ತನಾಲ್ಕು.

ಆಮೇಲೆ ಕೇಳಬೇಕಾದ್ದನ್ನೇ ಕೇಳಿದರು:
ಒಂಬತ್ತು ತಿಂಗಳು ಎಲ್ಲಿದ್ದಿರಿ?

ಮೊದಲ ಸಲ ಅವಳು ಫೋನ್ ಮಾಡಿದಾಗ ಮಂಡಿಯಲ್ಲಿದ್ದೆ, ಎತ್ತಲಿಲ್ಲ.
ಎರಡನೆಯ ಸಲ ಎತ್ತಿದೆ, ಮಾತಾಡಲಿಲ್ಲ.
ಆಮೇಲೆ ನಾನೇ ಮಾಡಿದೆ; ಆ ನಂಬರ್ ಚಾಲ್ತಿಯಲ್ಲಿರಲಿಲ್ಲ.
ಹೆರಿಗೆಯ ಸುದ್ದಿ ಕೊಟ್ಟದ್ದು ಔಷಧಿ ಅಂಗಡಿಯ ರಝಾಕ್,
ಚಿಲ್ಲರೆ ಎಣಿಸುತ್ತಾ.
ಇದನ್ನು ಅವರು ಬರೆದುಕೊಂಡರು, ಪೂರ್ತಿ.
ಬರೆಯಲಿ. ಲವೀನಳದ್ದು ತಪ್ಪು ಎಂದು ನಾನು ಎಲ್ಲೂ ಹೇಳುವುದಿಲ್ಲ.
ಅವಳ ಅಪ್ಪನ ಎದುರು ಅವಳೊಬ್ಬಳೇ ನಿಂತಿದ್ದಾಗ
ನಾನು ಇಲ್ಲಿ ಮುಳ್ಳು ನೋಡುತ್ತಿದ್ದೆ.

ನಮ್ಮ ಒಕ್ಕದ ಹಿರಿಯರು ಹೇಳಿ ಆಗಿದೆ:
ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ
ಆ ಮಗುವನ್ನು ತರುವ ಹಾಗಿಲ್ಲ.
ಗಂಡಾಗಿದ್ದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಿದ್ದರು,
ಸರಿಯಾಗಿ ಹುಟ್ಟಿದ್ದರೆ.
ಮಂಡಿಯ ಹಿಂದಿನ ನನ್ನ ಬಾಡಿಗೆ ಕೋಣೆಯಲ್ಲಿ
ನಲವತ್ತು ವ್ಯಾಟಿನ ಬಲ್ಬು ಇದೆ.
ಅದರ ಮುಂದೆ ತರುತ್ತೇನೆ.

ಕೆನ್ನೆಯ ಒಳಗೆ ಹತ್ತಿ ತಿರುಗಿಸಿ
ಟ್ಯೂಬಿಗೆ ಹಾಕಿ ಮುಚ್ಚಳ ಒತ್ತಿದರು.
ಬೆಂಗಳೂರಿಗೆ ಹೋಗುತ್ತದಂತೆ ನನ್ನ ಎಂಜಲು,
ಅಪ್ಪ ಹೌದೋ ಅಲ್ಲವೋ ಹೇಳಲು.
ತಿಂಡಿ ತಿಂದು ಬಂದಿರಾ ಎಂದು ಕೇಳಿದರು.
ಇಲ್ಲ, ಅದು ಒಳ್ಳೆಯದಾಯಿತಂತೆ.

ಮಗು ನೋಡಲು ಬಿಡಲಿಲ್ಲ. ನಿಯಮ.
ಹಿಂದಿನ ಅಂಗಳದಲ್ಲಿ ಆಯಾ ಬಟ್ಟೆ ಹರವುತ್ತಿದ್ದಳು,
ಅಂಗೈ ಅಗಲದ ಚೌಕಗಳು, ತಂತಿಯ ತುಂಬ.
ಯಾವುದು ಅವಳದ್ದು ಎಂದು ಕೇಳಲಿಲ್ಲ.
ಆಯಾ ತಾನಾಗಿಯೇ, ತಂತಿಯ ಕಡೆ ಮುಖ ಮಾಡಿ,
ಮೂರು ಕಿಲೋ ಒಂಬೈನೂರು, ಅಂದಳು.

ಬಟ್ಟೆ ಸಮೇತವಾ? ಎಂದೆ.

ಬಾಯಿ ತಪ್ಪಿ ಬಂತು, ಹನ್ನೊಂದು ವರ್ಷದ ಬಾಯಿ.
ಆಯಾ ತಿರುಗಿ ನೋಡಿದಳು,
ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ನಕ್ಕಳು.
ಬಟ್ಟೆ ಬಿಟ್ಟು.

ಹುಟ್ಟಿದಾಗ ಎರಡೂವರೆ ಎಂದು ನಕಲಿನಲ್ಲಿತ್ತು.
ಒಂದು ಕಿಲೋ ನಾನೂರು
ನಾನಿಲ್ಲದೆ ಬೆಳೆದದ್ದು.
ಇದನ್ನು ಯಾವ ಲೆಕ್ಕದಲ್ಲಿ ಕಳೆಯುವುದೋ ಗೊತ್ತಿಲ್ಲ.

ಹದಿನಾಲ್ಕು ದಿನ ಬಿಟ್ಟು ಬನ್ನಿ ಎಂದಿದ್ದಾರೆ.
ಐವತ್ತೈದು.

ಸಂಜೆಯ ಬಸ್ಸಿನಲ್ಲಿ ಬೆಳಿಗ್ಗೆಯ ಅವರೇ ಸಿಕ್ಕರು,
ಮಡಿಲಲ್ಲಿ ಹೊಸ ಪ್ರೆಶರ್ ಕುಕ್ಕರಿನ ಡಬ್ಬ.
ಕೆದಕಲ್ ದಾಟುವಾಗ ನೆನಪು ಮಾಡಿಕೊಂಡು ಕೇಳಿದರು,
ಆರ್‌ಟಿಸಿ ಸಿಕ್ಕಿತಾ?
ಹೆಸರು ಬಿಟ್ಟುಹೋಗಿದೆ, ಎಂದೆ.
ಸೇರಿಸಲಿಕ್ಕೆ ಅರ್ಜಿ ಕೊಟ್ಟು ಬಂದೆ.