ಕೊರಳಿನ ಅಳತೆ

ಮತ್ರಾಹ್ ಸೂಕಿನ ಮೂರನೇ ಓಣಿಯಲ್ಲಿ
ಹತ್ತೊಂಬತ್ತು ವರ್ಷ ದಿಶ್‌ದಾಶ ಹೊಲಿದವನು ನಾನು.
ಕೊರಳ ಬಳಿ ಇಳಿಬಿಡುವ ಪುಟ್ಟ ಕುಚ್ಚು,
ಫರಾಖ ಅನ್ನುತ್ತಾರೆ, ಅತ್ತರಿನಲ್ಲಿ ಅದ್ದಿ
ಹಬ್ಬಕ್ಕೆ ಮೂಸುತ್ತಾರೆ,
ಅಂಥವು ಎಷ್ಟು ಸಾವಿರ ಕಟ್ಟಿದೆನೋ.
ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದವನು,
ಒಂದು ದಿನ ಸೂಜಿ ತೆಗೆದರೂ
ದನಿ ಹೊರಡಲಿಲ್ಲ.

ಇದನ್ನೂ ಬರೆಯುತ್ತಿರುವುದು
ಅಂಗಿ ಕತ್ತರಿಸುವ ಖಾಕಿ ಕಾಗದದ ಮೇಲೆ.

ಡಾಕ್ಟರು ಆರು ನಿಮಿಷ ಮಾತಾಡಿದರು,
ಅರ್ಧ ಅರಬಿ, ಅರ್ಧ ಇಂಗ್ಲಿಷ್.
ನನಗೆ ತಿಳಿದದ್ದು ಇಷ್ಟು:
ಅವರ ಕೋಟಿನ ಎಡತೋಳು
ಅರ್ಧ ಇಂಚು ಉದ್ದ.

ಹೊರಗೆ ಬೆಂಚಿನ ಮೇಲೆ ಕೂತಿದ್ದಳು ರಯ್ಯಾ.
ಅಜ್ಜಿ ಜಂಜಿಬಾರಿನವಳು, ಗಂಡ ಬಲೂಚಿ,
ಹಿಂದಿ ಕಲಿತದ್ದು ಅತ್ತೆಮನೆಯ ಟಿವಿಯಿಂದ.
ಎದೆಯ ಬಿಲ್ಲೆಯಲ್ಲಿ ನರ್ಸ್ ನ್ಯಾವಿಗೇಟರ್ ಅಂತ.
ಹಡಗಿನವಳಾ? ಕೈಯಲ್ಲೇ ಅಲೆ ಮಾಡಿ ಕೇಳಿದೆ.
ನಕ್ಕಳು. ‘ಹಡಗು ಹತ್ತಿದರೆ ನನಗೆ ವಾಂತಿ.
ಇಲ್ಲಿ ಯಾವ ಬಾಗಿಲು ದೂಡಬೇಕು
ಯಾವುದನ್ನು ಎಳೆಯಬೇಕು, ಅಷ್ಟು ಗೊತ್ತು.’

ಮೊದಲ ಬಾಗಿಲು ಹಲ್ಲಿನದು.
ನೋವು ಗಂಟಲಲ್ಲಿ, ಹಲ್ಲು ಯಾಕೆ ಕೀಳಬೇಕು?
ಎದ್ದು ಹೊರಟೇಬಿಟ್ಟೆ.
ಚಪ್ಪಲಿ ಸುಡುವ ಜೂನ್ ಬಿಸಿಲಲ್ಲಿ
ಪಾರ್ಕಿಂಗಿನ ತನಕ ಬಂದಳು.
‘ಕತ್ತರಿ ಹಾಕುವ ಮೊದಲು
ಬಟ್ಟೆ ನೀರಿಗೆ ಹಾಕುವುದಿಲ್ಲವೇ ನೀವು?
ಆಮೇಲೆ ಕುಗ್ಗಿದರೆ ಯಾರ ತಪ್ಪು?’
ನಾಲ್ಕು ಹಲ್ಲು ಹೋದವು.

ಕಾರ್ಡು ಮುಗಿಯಲು ನಲವತ್ತು ದಿನ.
ಕಿರಣ ಮೂವತ್ತೈದು, ನಡುನಡುವೆ ಶುಕ್ರ, ಶನಿ.
ಈ ಲೆಕ್ಕ ನನಗೆ ಬರುತ್ತದೆ:
ಬಟ್ಟೆ ಸಾಲದು.
ಮೆಟ್ಟಿಲ ಮೇಲೆ ಬೂಟು ಕಳಚಿ ಕೂತು
ಕಿತ್ತಳೆ ಸುಲಿಯುತ್ತ ಕಫೀಲನಿಗೆ ಫೋನು ಮಾಡಿದಳು.
ಮೊದಲು ಸಲಾಮು,
ಆಮೇಲೆ ಅವನ ತಾಯಿಯ ಮಂಡಿನೋವು,
ತುಂಬಾ ಹೊತ್ತು ಮಂಡಿನೋವು,
ಕೊನೆಗೆ ನನ್ನ ಕಾರ್ಡು.
ಎರಡು ವರ್ಷಕ್ಕೆ ಬಿತ್ತು ಮುದ್ರೆ.

ಮನೆಗೆ ಶೀತ ಎಂದು ಮೆಸೇಜು ಹಾಕುತ್ತಿದ್ದೆ.
ಎರಡು ತಿಂಗಳ ಶೀತ!
ಒಂದು ಸಂಜೆ, ಫೋನ್ ಕೊಡಿ ಅಂದಳು.
ಕೊಡಲಿಲ್ಲ.
ಕಾದಳು.
ಕೊಟ್ಟೆ.
ವನಜಾಳಿಗೆ ಹಿಂದಿ ಬಾರದು, ಮಗಳು ನಡುವೆ ನಿಂತಳು.
ಇವಳು ಮಾತನ್ನು ಸಣ್ಣಗೆ ತುಂಡರಿಸಿ ಕೊಡುತ್ತ,
ಆ ಹುಡುಗಿ ತಡವರಿಸಿ, ಪದ ಹುಡುಕಿ,
‘ಅಮ್ಮಾ, ಅಪ್ಪನ ಗಂಟಲಲ್ಲಿ ಗಂಟು’ ಅಂದಳು.
ಅಷ್ಟು ನೆಟ್ಟಗೆ ಯಾವ ರಿಪೋರ್ಟೂ ಹೇಳಿರಲಿಲ್ಲ.
ಆಚೆ ಬಹಳ ಹೊತ್ತು ಬರೀ ಫ್ಯಾನಿನ ಸದ್ದು.
ಮತ್ತೆ ವನಜಾ: ‘ಊಟ ಸೇರುತ್ತದಾ?’
ಮಗಳು ಬಾಯಿ ತೆರೆಯುವ ಮೊದಲೇ
ರಯ್ಯಾ ಶುರುಮಾಡಿದ್ದಳು, ಮೊಸರು, ಕಿಚಡಿ, ಬಾಳೆಹಣ್ಣು.

ಬಿಸಿನೀರಲ್ಲಿ ಮೆತ್ತಗಾದ ಜಾಳಿಗೆಯನ್ನು
ಮುಖಕ್ಕೆ, ಕೊರಳಿಗೆ ಒತ್ತಿ ಹಿಡಿದರು.
ಟೇಪಿಲ್ಲ, ಚಾಕಿಲ್ಲ, ಟ್ರಯಲ್ ಇಲ್ಲ.
ಅಂಥ ಫಿಟ್ಟಿಂಗು ನಾನು ಹೊಲಿದದ್ದಿಲ್ಲ.
ಅದನ್ನು ಮೇಜಿಗೆ ಬಿಗಿದಾಗ
ನನ್ನನ್ನೇ ಮೆಷಿನ್ನಿಗೆ ಕೊಟ್ಟ ಹಾಗಾಯಿತು.

ಸಂಜೆ ಏಳಕ್ಕೆ ಫೋನು.
ನಾನು ಹೇಳಿಕೊಡಲಾಗದೆ ಮಗಳು ಕಲಿಸಿದ
ಒಂದೇ ಕನ್ನಡ ಪದ: ‘ನುಂಗೀ.’
ನೀರು. ಗಾಜಿನ ಚೂರು.
‘ಇನ್ನೊಮ್ಮೆ. ನುಂಗೀ.’

ಎಲ್ಲ ದಿನ ಫೋನು ಬರಲಿಲ್ಲ.
ನನ್ನಂಥವರು ನಲವತ್ತೊಂದು ಜನ ಅವಳ ಪಟ್ಟಿಯಲ್ಲಿ.
ಒಮ್ಮೆ ಒಂದು ಹೆಸರಿನ ಮೇಲೆ ಗೆರೆ ಎಳೆದಿತ್ತು,
ಅವಳು ಔಷಧಿ ಕೌಂಟರಿನ ಹಿಂದೆ
ತಂಪುಪಾನೀಯದ ಪೆಟ್ಟಿಗೆಗೆ ಹಣೆಯಿಟ್ಟು ನಿಂತಿದ್ದಳು.
ನಾನು ಮೆಲ್ಲಗೆ ಇನ್ನೊಂದು ಬಾಗಿಲಿನಿಂದ ಹೋದೆ.
ದೂಡುವ ಬಾಗಿಲು ಅದು.

ಇಂದು ಇಪ್ಪತ್ತಾರನೇ ಕಿರಣ.
ಶಾಲೆ ತೆರೆಯುವ ಮೊದಲು ಅವಳ ಮಗನಿಗೆ ದಿಶ್‌ದಾಶ ಬೇಕು.
ಆಸ್ಪತ್ರೆಯಲ್ಲಿ ಉಡುಗೊರೆ ನಿಷೇಧ ಎನ್ನುತ್ತ
ಮೂರು ರಿಯಾಲ್ ಜಾಸ್ತಿಯೇ ಇಟ್ಟಳು.
ದನಿಯಿಲ್ಲದವನ ಜೊತೆ ಚೌಕಾಸಿ ಸುಲಭ.

ಹುಡುಗನ ಕೊರಳು ಹನ್ನೊಂದೂವರೆ.
ಕುಚ್ಚು ಕಟ್ಟಿದ್ದೇನೆ,
ಅಳತೆಗಿಂತ ಅರ್ಧ ಇಂಚು ಸಡಿಲ ಬಿಟ್ಟಿದ್ದೇನೆ.
ನುಂಗಲು ಜಾಗ ಬೇಕಲ್ಲ.