ತಿದ್ದುವ ಮಾಸ್ತರಿಲ್ಲದ ಶಾಲೆ

ಸಾಣಿಕಟ್ಟಾದ ಉಪ್ಪಿನ ಗೋದಾಮಿನ ಮೂಲೆಗಳಲ್ಲಿ
ಇಪ್ಪತ್ತು ತಗಡಿನ ಪೆಟ್ಟಿಗೆ ಇಟ್ಟು ಬಂದೆ ಸಂಜೆ.
ಒಳಗೆ ಒಂದೊಂದು ಚೂರು ಒಣ ಬಂಗಡೆ.
ಶೇಂಗಾ ಬೆಣ್ಣೆ ಇಡು ಎಂದಿತ್ತು ಮೇಡಂ ಪುಸ್ತಕ;
ನಮ್ಮೂರ ಸುಂಡಿಲಿ ಪುಸ್ತಕ ಓದಿಲ್ಲ.

ಬೆಳಿಗ್ಗೆ ಮೂರು ಬಾಗಿಲು ಬಿದ್ದಿದ್ದವು.
ಮೊದಲು ಗೊತ್ತಾಗುವುದು ವಾಸನೆ,
ಆಮೇಲೆ ಚಿಂಯ್ ಎಂಬ ಸಿಟ್ಟು,
ಆಮೇಲೆ ಆ ಉದ್ದ ಮೂಗು, ಕಣ್ಣೆಂದು ಎರಡು ಸಾಸಿವೆ.
ಇದು ಇಲಿಯಲ್ಲ ಬೊಮ್ಮಯ್ಯ,
ಇಲಿಗೂ ಇದಕ್ಕೂ ನೆಂಟಸ್ತಿಕೆಯೇ ದೂರದ್ದು, ಎನ್ನುತ್ತಾರೆ
ಭಟ್ಕಳದ ನಾಝ್ನೀನ್ ಮೇಡಂ, ಮುಖಗವಸಿನ ಒಳಗಿಂದ.
ಹೂಂ ಎನ್ನುತ್ತೇನೆ. ಅಜ್ಜಿಯೂ ಹೇಳುತ್ತಿದ್ದಳು:
ಅದು ಗಣಪತಿಯದಲ್ಲ, ಯಾರದೂ ಅಲ್ಲ, ಬಿಟ್ಟುಬಿಡು.

ಅದರ ಪುಪ್ಪುಸದಲ್ಲಿ ಒಬ್ಬ ಬಾಡಿಗೆದಾರ.
ಜೀವವೆಂದರೆ ಜೀವ, ಅಲ್ಲವೆಂದರೆ ಅಲ್ಲ;
ಒಂದು ಚೀಟಿ ಅಷ್ಟೇ,
ನನ್ನನ್ನು ನಕಲು ಮಾಡು ಎಂದು ಬರೆದದ್ದು.
ತಿದ್ದುವ ಮಾಸ್ತರಿಲ್ಲದ ಶಾಲೆ ಅದು.
ತಪ್ಪಿದ್ದನ್ನು ನೋಡಿ ಮುಂದಿನವ ಬರೆಯುತ್ತಾನೆ,
ಅವನ ತಪ್ಪನ್ನೂ ಸೇರಿಸಿ ಅದರಾಚೆಯವ.
ಹೆಚ್ಚಿನ ತಪ್ಪು ಅಲ್ಲೇ ಸಾಯುತ್ತದೆ.
ಎಲ್ಲೋ ಒಂದು, ಲಕ್ಷದಲ್ಲೊಂದು,
ಬೇರೆಯವರ ಬಾಗಿಲಿಗೆ ಸರಿಹೋಗುವ ಬೀಗದ ಕೈ.

ಮರಿಗಳು ತಾಯಿಯ ಬಾಲದ ಬುಡ ಕಚ್ಚಿ
ಒಂದರ ಹಿಂದೊಂದು ಗೋಡೆಗುಂಟ ಹೋಗುವುದನ್ನು
ನೋಡಿದ್ದೀರಾ?
ಹಾಗೇ ಸುಂಡಿಲಿಯ ಹಿಂದೆ ಅದರ ವೈರಸ್ಸು
ಬಾಲ ಬಿಡದೆ ನಡೆದಿದೆಯಂತೆ
ನಮಗಿನ್ನೂ ಮಾತು ಬಾರದ ಕಾಲದಿಂದ.
ನಡುವೆ ಅಘನಾಶಿನಿ ಹರಿದು
ಈ ದಡದ ಚೀಟಿಗೆ ಈ ದಡದ ತಪ್ಪು,
ಆ ದಡದ ಚೀಟಿಗೆ ಆ ದಡದ್ದು.

ಕಳೆದ ವಾರ ಕಾಗದದ ಮೇಲೆ ಮರ ತೋರಿಸಿದರು.
ಬೇರಿಲ್ಲ, ಎಲೆಯಿಲ್ಲ, ಅಡ್ಡ ಮಲಗಿದ ಕವಲುಗಳು,
ತುದಿಗೆ ಒಂದೊಂದು ನಂಬರು. ನಾನೇ ಬರೆದ ನಂಬರು.
ಹದಿನೇಳು ಮಾತ್ರ ಪರರ ಕವಲಲ್ಲಿ ಕೂತಿತ್ತು:
ಹಿಡಿದದ್ದು ತದಡಿಯ ಆಚೆ, ಹೊಳೆ ದಾಟಿ, ಒಬ್ಬರ ಹಿತ್ತಲಲ್ಲಿ;
ಅಕ್ಷರವೆಲ್ಲ ನಮ್ಮ ಗೋದಾಮಿನದು.
ಇದು ಈಜಿ ಹೋದದ್ದಲ್ಲ, ಎಂದರು ಮೇಡಂ.
ತಪ್ಪುಗಳನ್ನು ಎಣಿಸಿದರೆ
ಎಪ್ಪತ್ತೋ ಎಂಬತ್ತೋ ವರ್ಷ ಆಗಿರಬೇಕು.

ನಾನು ಎಣಿಸಲಿಲ್ಲ.
ಉಪ್ಪಿನ ದೋಣಿಯಲ್ಲಿ, ಚೀಲದ ಮೇಲೆ ಕೂತು,
ಅಂಬಿಗರ ಹುಡುಗನ ಜೊತೆ
ರಾತ್ರೋರಾತ್ರಿ ದಾಟಿದವಳು ಅಜ್ಜಿಯ ತಂಗಿ, ಹೊನ್ನಿ.
ಆಮೇಲೆ ನಮ್ಮ ಆಗೇರ ಕೇರಿಯಲ್ಲಿ
ಯಾವ ಮಗುವಿಗೂ ಆ ಹೆಸರಿಟ್ಟಿಲ್ಲ.
ಚೀಲಗಳ ಸಂದಿಯಲ್ಲಿ ಬಸುರಿ ಸುಂಡಿಲಿಯೊಂದು
ಇದ್ದಿರಬೇಕು, ಮೂಗು ಮಾತ್ರ ಆಡಿಸುತ್ತ.

ಮೇಡಂಗೆ ಹೇಳಲಿಲ್ಲ. ಅವರ ವಹಿಯಲ್ಲಿ
ಅದಕ್ಕೆ ಕಾಲಂ ಇಲ್ಲ.

ನಿನ್ನೆ ಆ ದಡಕ್ಕೆ ಪೆಟ್ಟಿಗೆ ಇಡಲು ಹೋದೆ.
ಹಿತ್ತಲ ಬಾಗಿಲಿಗೆ ಬಂದ ಮುದುಕಿ
ಎಷ್ಟು ಬಿದ್ದವು ಎಂದು ಕೇಳಿದಳು.
ನಮ್ಮ ಕೇರಿಯ ಎಳೆತ ಅದು,
ಒಂದು ಅಕ್ಷರ ಮಾತ್ರ ಬೇರೆ.
ಒಣ ಬಂಗಡೆ ಕೈಯಲ್ಲೇ ಹಿಡಿದು ತುಸು ಹೊತ್ತು ನಿಂತೆ.
ಐದು, ಎಂದೆ.
ಅಕ್ಕಿ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ, ಅಮ್ಮಾ.